ಎಸ್‌ಟಿಪಿ (ಚರಂಡಿ ನೀರು ಶುದ್ಧೀಕರಿಸುವ ಘಟಕ) ಕೆಸರು ಹೊಲಕ್ಕೆ ಹೊಡೆಯೋ ಮುಂಚೆ ಏನೇನು ಪರೀಕ್ಷೆ ಮಾಡಿಸಬೇಕು?

ಪ್ರಶ್ನೆ: ಸರ್, ದೊಡ್ಡಬಳ್ಳಾಪುರದ ಕಡೆ ಎರಡು ಎಕರೆ ಕೆಂಪು ಮಣ್ಣು, ಮಳೆಯಾಶ್ರಿತ ರಾಗಿ. ಎಸ್‌ಟಿಪಿಯಲ್ಲಿ ಒಣಗಿಸಿದ ಕೆಸರು ಪುಕ್ಕಟೆ ಕೊಡ್ತೀವಿ, ಎಕರೆಗೆ ನಾಲ್ಕು ಟ್ರ್ಯಾಕ್ಟರ್ ಲೋಡ್ ಹೊಡೀರಿ ಅಂತಿದ್ದಾರೆ. ಕಪ್ಪಗೆ, ವಾಸನೆಯಿಲ್ಲದೆ ಚೆನ್ನಾಗೇ ಇದೆ. ಮಣ್ಣು, ಬೋರ್‌ವೆಲ್ ಕೆಡುತ್ತಾ?

ಉತ್ತರ: ಬಣ್ಣ, ವಾಸನೆ ನೋಡಿ ತೀರ್ಮಾನಿಸಬೇಡಿ. ಸೀಸ, ಕ್ಯಾಡ್ಮಿಯಂ ಇದ್ದರೆ ಮೂಗಿಗಾಗಲಿ ಕಣ್ಣಿಗಾಗಲಿ ಗೊತ್ತಾಗುವುದಿಲ್ಲ. ಮೊದಲ ಲೋಡ್ ಬೀಳುವ ಮುಂಚೆಯೇ ನಿಮ್ಮ ಮಣ್ಣು, ಬೋರ್ ನೀರು ಎರಡೂ ಪರೀಕ್ಷೆಯಾಗಿರಲಿ. ಆಮೇಲೆ ಮಾಡಿಸಿದರೆ ಹೋಲಿಸಲು ಏನೂ ಇರುವುದಿಲ್ಲ.

ಹೊಲದಲ್ಲಿ 10–15 ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ಅರ್ಧ ಕೆಜಿ ಕಳಿಸಿ. ತಗಡಿನ ಬಕೆಟ್ ಬೇಡ, ಅದರ ಸತುವಿನ ಲೇಪವೇ ಮಾದರಿಗೆ ಸೇರುತ್ತದೆ, ಪ್ಲಾಸ್ಟಿಕ್ ಬಳಸಿ. ಕೆಸರನ್ನೂ ರಾಶಿಯ ಒಳಗಿನಿಂದ ಹತ್ತು ಕಡೆ ತೆಗೆಯಿರಿ. ಪ್ರತಿ ರಾಶಿಗೂ ಬೇರೆ ಪರೀಕ್ಷೆ ಬೇಕು, ಏಕೆಂದರೆ ಚರಂಡಿಗೆ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಲೇಪ ಹಾಕುವ) ಘಟಕದ ನೀರು ಸೇರಿದ ತಿಂಗಳು ಕ್ರೋಮಿಯಂ, ನಿಕಲ್ ಏರಿಬಿಡುತ್ತವೆ.

ಬಹಳ ಜನ ತಪ್ಪುವುದು ಇಲ್ಲಿ: ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ತಾಮ್ರ ಇದ್ದರೂ ಅದು ಬೆಳೆಗೆ ಸಿಗುವ ಅಂಶ ಮಾತ್ರ, ಒಟ್ಟು ಅಲ್ಲ. ಸೀಸ, ಕ್ಯಾಡ್ಮಿಯಂ ಅದರಲ್ಲಿ ಇರುವುದೇ ಇಲ್ಲ. ಲ್ಯಾಬಿನಲ್ಲಿ ‘ಆಮ್ಲದಲ್ಲಿ ಕರಗಿಸಿ ಒಟ್ಟು ಲೋಹ’ ಎಂದೇ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶ (1985) ನಗರ ಕಾಂಪೋಸ್ಟ್‌ಗೆ ಇಟ್ಟಿರುವ ಮಿತಿಯನ್ನೇ ಇಲ್ಲೂ ಹಿಡಿಯಿರಿ. ಕೆಜಿಗೆ ಕ್ಯಾಡ್ಮಿಯಂ 5, ನಿಕಲ್ 50, ಕ್ರೋಮಿಯಂ 50, ಸೀಸ 100, ತಾಮ್ರ 300, ಸತು 1000 ಮಿ.ಗ್ರಾಂ. ಒಂದು ಮೀರಿದರೂ ಆ ರಾಶಿ ಬೇಡ.

ಪ್ರಶ್ನೆ: ಎಲ್ಲ ಮಿತಿಯೊಳಗಿದ್ದರೆ ನಾಲ್ಕು ಲೋಡ್ ಹೊಡೀಬಹುದಾ?

ಉತ್ತರ: ಇಲ್ಲ. ಲೋಡ್ ಲೆಕ್ಕ ಬಿಟ್ಟು ಸಾರಜನಕದ ಲೆಕ್ಕಕ್ಕೆ ಬನ್ನಿ. ಒಣ ತೂಕದಲ್ಲಿ 3% ಸಾರಜನಕ ಇದ್ದರೆ ಟನ್ನಿಗೆ 30 ಕೆಜಿ. ಅದರಲ್ಲಿ ಬೆಳೆಗೆ ಕೂಡಲೇ ಸಿಗುವ ಅಮೋನಿಯಂ ರೂಪದ್ದು 3 ಕೆಜಿ ಎಂದು ಹಿಡಿದರೆ, ಉಳಿದ 27ರಲ್ಲಿ ಮೊದಲ ವರ್ಷ ಕೊಳೆತು ಬಿಡುಗಡೆಯಾಗುವುದು ಸುಮಾರು 30%. ಎರಡೂ ಸೇರಿ 11 ಕೆಜಿ. ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕೆಜಿ ಸಾಕು, ಅಂದರೆ 1.8 ಟನ್ ಒಣ ಕೆಸರು. ತೇವಾಂಶ 40% ಇದ್ದರೆ ತೂಕ 3 ಟನ್. ಲೋಡಿಗೆ 3 ಟನ್ ಹಿಡಿದರೂ ಅವರು ಹೇಳಿದ್ದು ನಾಲ್ಕು ಪಟ್ಟು. ಹೆಚ್ಚಾದದ್ದು ನೈಟ್ರೇಟ್ ಆಗಿ ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿ.ಗ್ರಾಂ.

ಅಷ್ಟಕ್ಕೇ ನಿಂತರೂ ರಂಜಕ ಮಿಕ್ಕುತ್ತದೆ. 1.5% ರಂಜಕ ಇರುವ 1.8 ಟನ್‌ನಲ್ಲಿ 27 ಕೆಜಿ. ಗೊಬ್ಬರದ ಲೆಕ್ಕದಲ್ಲಿ (ಪಿ2ಒ5) 62 ಕೆಜಿ. ರಾಗಿಗೆ ಬೇಕಾದದ್ದು 16. ಹಾಗಾಗಿ ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹೊಡೆಯಿರಿ, ಆ ಅವಧಿಯಲ್ಲಿ ಡಿಎಪಿ ನಿಲ್ಲಿಸಿ.

ಕೆಂಪು ಮಣ್ಣಾದ್ದರಿಂದ ರಸಸಾರ (ಪಿಎಚ್) ನೋಡಲೇಬೇಕು. 6ಕ್ಕಿಂತ ಕೆಳಗಿದ್ದರೆ ಕ್ಯಾಡ್ಮಿಯಂ, ಸತು ಬೇರಿಗೆ ಸುಲಭವಾಗಿ ಹತ್ತುತ್ತವೆ. ಮೊದಲು ಸುಣ್ಣ ಹಾಕಿ 6.5ರ ಹತ್ತಿರ ತನ್ನಿ. ಬ್ರಿಟನ್‌ನಲ್ಲಿ 5ಕ್ಕಿಂತ ಕಡಿಮೆ ಇರುವ ಮಣ್ಣಿಗೆ ಕೆಸರು ಹಾಕುವಂತೆಯೇ ಇಲ್ಲ.

ಪ್ರಶ್ನೆ (ಇನ್ನೊಬ್ಬ ರೈತರು): ಸರ್, ನಮ್ಮದು ಕ್ಯಾರೆಟ್, ಕೊತ್ತಂಬರಿ. ಹಾಕಬಹುದಾ?

ಉತ್ತರ: ಬೇಡ. ದುಂಡು ಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಬಿಸಿಲಲ್ಲಿ ಒಣಗಿದ ಮಾತ್ರಕ್ಕೆ ಸಾಯುವುದಿಲ್ಲ. ರೋಗಾಣು ಪೂರ್ತಿ ಸಾಯದ ಕೆಸರಿಗೆ ಅಮೆರಿಕದ ನಿಯಮ ಹೀಗಿದೆ: ಮಣ್ಣಿಗೆ ತಾಗುವ ಬೆಳೆಯಾದರೆ ಹಾಕಿದ 14 ತಿಂಗಳ ನಂತರವೇ ಕೊಯ್ಲು, ಗಡ್ಡೆ ಬೆಳೆಯಾದರೆ, ಕೆಸರನ್ನು ನಾಲ್ಕು ತಿಂಗಳೊಳಗೆ ಮಣ್ಣಿಗೆ ಸೇರಿಸಿದ್ದರೆ 38 ತಿಂಗಳು. ದನ ಮೇಯಿಸಲು 30 ದಿನ ಕಾಯಬೇಕು.

ಪ್ರಶ್ನೆ: ಒಂದು ಸಲ ಹೊಡೆದ ಮೇಲೆ?

ಉತ್ತರ: ಬೋರ್ ನೀರಿನ ನೈಟ್ರೇಟ್ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಮಣ್ಣಿನ ಒಟ್ಟು ಲೋಹ ಪ್ರತಿ ಸಲ ಮತ್ತೆ ಹೊಡೆಯುವ ಮುಂಚೆ, ಅದೇ ಜಾಗಗಳಿಂದ, ಅದೇ ಲ್ಯಾಬಿನಲ್ಲಿ. ಎಷ್ಟು ಟನ್, ಯಾವ ರಾಶಿ, ಯಾವ ದಿನ ಎಂದು ಬರೆದಿಡಿ. ಲೋಹ ಮಣ್ಣಿನಿಂದ ಹೋಗುವುದಿಲ್ಲ, ಪ್ರತಿ ಸಲದ್ದೂ ಹಿಂದಿನದಕ್ಕೆ ಕೂಡುತ್ತದೆ.