ಪದ ಬೇಕಿದೆ: ಕಾಂಪೌಂಡ್, ಪಾಲಿಶ್, ವ್ಯಾಕ್ಸ್ ಮೂರೂ ‘ಮೆರುಗು’ ಆದರೆ ಕಾರಿನ ಗತಿ ಏನು?

ಹುಬ್ಬಳ್ಳಿಯ ಅನುವಾದಕಿ:

ಬಳಗದ ಎಲ್ಲರಿಗೂ ನಮಸ್ಕಾರ. ಕಾರಿನ ಬಣ್ಣಕ್ಕೆ ಪಾಲಿಶ್ ಹಿಡಿಯುವ ಯಂತ್ರದ ಪೆಟ್ಟಿಗೆಯಲ್ಲಿ ಇಡುವ ಕೈಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೆಂಗಳೂರಿನ ಜೆ.ಸಿ. ರಸ್ತೆಯ ವ್ಯಾಪಾರಿಯೊಬ್ಬರ ಕೆಲಸ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಯಂತ್ರದ ಜೊತೆ ಮೂರು ಬಾಟಲಿಗಳಿವೆ: ಕಾಂಪೌಂಡ್, ಪಾಲಿಶ್, ವ್ಯಾಕ್ಸ್. ಹಳೆಯ ಹಾಳೆಯಲ್ಲಿ ಮೂರಕ್ಕೂ ‘ಮೆರುಗು ದ್ರಾವಣ’ ಎಂದೇ ಬರೆದು ಪಕ್ಕದಲ್ಲಿ 1, 2, 3 ಎಂದು ಅಂಕಿ ಹಾಕಿದ್ದಾರೆ. ಅದನ್ನು ಓದಿದವನು ಗೀರು ಹೋಗಲೆಂದು ಮೂರನೆಯದನ್ನು ಹಚ್ಚಿ ಕಾಯುತ್ತಾನೆ, ಹೊಸ ಕಾರು ಮಿಂಚಲೆಂದು ಮೊದಲನೆಯದನ್ನು ಹಾಕಿ ತಿಕ್ಕುತ್ತಾನೆ.

ಮೂರಕ್ಕೂ ಬೇರೆ ಬೇರೆ ಪದ ಬೇಕು. ಜೊತೆಗೆ ಬಣ್ಣದ ಮೇಲಿನ ಕ್ಲಿಯರ್ ಕೋಟ್‌ಗೆ, ಬಿಸಿಲಿನಲ್ಲಿ ಬಾನೆಟ್ ಮೇಲೆ ಸುತ್ತುಸುತ್ತಾಗಿ ಕಾಣುವ ಸಣ್ಣ ಗೀರುಗಳಿಗೆ, ಯಂತ್ರದ ಬಗೆಯನ್ನು ಹೇಳುವ ‘ಡ್ಯುಯಲ್ ಆಕ್ಷನ್’ ಎಂಬುದಕ್ಕೆ ಕೂಡ. ಇದನ್ನು ಡಿ.ಎ. ಎಂದು ಚುಟುಕಾಗಿ ಬರೆಯಲು ವ್ಯಾಪಾರಿ ಒಪ್ಪಿದ್ದಾರೆ. ಆದರೆ ನಮ್ಮಲ್ಲಿ ಡಿ.ಎ. ಎಂದರೆ ತುಟ್ಟಿಭತ್ಯೆ. ‘ಡಿ.ಎ.ಯನ್ನು ಹಂತಹಂತವಾಗಿ ಹೆಚ್ಚಿಸಿ’ ಎಂಬ ವಾಕ್ಯವನ್ನು ಸರ್ಕಾರಿ ನೌಕರರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಯಾರು.

ಮೈಸೂರಿನ ನಿವೃತ್ತ ಉಪನ್ಯಾಸಕರು:

ಘರ್ಷಕ, ಮಾರ್ಜಕ, ಲೇಪಕ. ಮೂರು ಬಾಟಲಿ, ಮೂರು ಪದ, ಒಂದೇ ಪ್ರತ್ಯಯ. ಯಂತ್ರಕ್ಕೆ ಉಭಯಭ್ರಮಣ ಘರ್ಷಣಯಂತ್ರ. ಚರ್ಚೆ ಅನಗತ್ಯ. ‘ಮೆರುಗುಯಂತ್ರ’ ಎಂದು ಮಾತ್ರ ಬರೆಯಬೇಡಿ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಕೂಡಿಸಿದ ದೋಷ.

ಬೆಂಗಳೂರಿನಿಂದ, ಅಚ್ಚಗನ್ನಡದ ಪಕ್ಷಪಾತಿ:

ಉಭಯಭ್ರಮಣ ಎಂದು ಓದಿ ಮುಗಿಸುವಷ್ಟರಲ್ಲಿ ಬಣ್ಣ ಸುಟ್ಟುಹೋಗಿರುತ್ತದೆ. ಮಾರ್ಜಕ ಎಂದರೆ ಬಟ್ಟೆ ಒಗೆಯುವ ಪುಡಿ ಎಂದು ಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಕಾರಿಗೆ ಅದನ್ನು ಹಾಕಿಸುತ್ತೀರಾ?

ನನ್ನ ಸಲಹೆ: ತೇಯುಕ, ಒಪ್ಪುಕ, ಕಾಪುಕ. ‘ಒಪ್ಪ’ ಎಂದರೆ ಹೊಳಪು. ಹಳಗನ್ನಡದಿಂದ ಬಂದ ಪದ, ಯಾರ ಹಂಗೂ ಬೇಡ. ಯಂತ್ರಕ್ಕೆ ಇಬ್ಬಗೆತಿರುಗು. ಅದರ ಕೆಳಗಿನ ಪ್ಯಾಡ್‌ಗೆ ‘ಒತ್ತು’. ಅರಿಸಮಾಸದ ಬಗ್ಗೆ ಒಂದೇ ಪ್ರಶ್ನೆ: ಮೇಷ್ಟರು ‘ಮಳೆಗಾಲ’ ಎನ್ನುವುದನ್ನು ಬಿಟ್ಟಿದ್ದಾರೆಯೇ?

ಮೈಸೂರಿನವರು:

ಕಾಲ ಸಮಸಂಸ್ಕೃತ, ರೂಪ ಬದಲಾಗದೆ ಕನ್ನಡದಲ್ಲಿ ನಡೆಯುವ ಸಂಸ್ಕೃತ ಪದ; ಅದಕ್ಕೆ ಆ ದೋಷವಿಲ್ಲ. ವ್ಯಾಕರಣಕಾರ ಕೇಶಿರಾಜನನ್ನು ಓದಿ ಬನ್ನಿ. ‘ಒಪ್ಪುಕ’ ಎಂದರೆ ಕೇಳಿದ್ದಕ್ಕೆಲ್ಲ ಒಪ್ಪಿಕೊಳ್ಳುವವನು ಎಂದಾಗುತ್ತದೆ.

ಬೆಂಗಳೂರಿನವರು:

ಕಾಲ ಸಮಸಂಸ್ಕೃತವಾದರೆ ಯಂತ್ರವೂ ಸಮಸಂಸ್ಕೃತವೇ. ಒಂದಕ್ಕೆ ಇರುವ ರಿಯಾಯಿತಿ ಇನ್ನೊಂದಕ್ಕೆ ಏಕಿಲ್ಲ?

ಧಾರವಾಡದಿಂದ, ನಿಘಂಟುಗಳ ಹವ್ಯಾಸಿ:

ಎಲ್ಲರೂ ಪಾಲಿಶಿನ ಹಿಂದೆ ಬಿದ್ದಿದ್ದೀರಿ. ನಿಜವಾದ ತೊಡಕು ಕಾಂಪೌಂಡ್. ಕನ್ನಡದಲ್ಲಿ ಕಾಂಪೌಂಡ್ ಎಂದರೆ ಮನೆಯ ಸುತ್ತಲಿನ ಗೋಡೆ. ‘ಮೊದಲು ಕಾಂಪೌಂಡ್ ಬಳಸಿ ಉಜ್ಜಿರಿ’ ಎಂದು ಓದಿದವನು ಕಾರನ್ನು ಗೋಡೆಗೆ ಒರಗಿಸಿದರೆ ತಪ್ಪು ಅವನದಲ್ಲ. ಸ್ವಾರಸ್ಯವೆಂದರೆ ಇಂಗ್ಲಿಷಿನಲ್ಲಿಯೂ ಇವು ಎರಡು ಬೇರೆ ಪದಗಳು. ಗೋಡೆಯ ಕಾಂಪೌಂಡ್ ಮಲಯ ಭಾಷೆಯ ‘ಕಂಪೋಂಗ್’ನಿಂದ ಬಂದಿರಬೇಕು ಎಂಬುದು ನಿಘಂಟುಕಾರರ ಸಾಮಾನ್ಯ ಅಭಿಪ್ರಾಯ; ಅಲ್ಲಿ ಅದಕ್ಕೆ ಹಳ್ಳಿ, ಕೇರಿ ಎಂಬ ಅರ್ಥವಿದೆ. ಬಾಟಲಿಯ ಕಾಂಪೌಂಡ್ ಲ್ಯಾಟಿನ್ ಮೂಲದ್ದು, ಕೂಡಿಸಿದ್ದು ಎಂಬ ಅರ್ಥ. ಹಳೆಯ ಆಸ್ಪತ್ರೆಗಳ ‘ಕಾಂಪೌಂಡರ್’ ಈ ಎರಡನೆಯ ಮನೆತನದವರು, ಗೋಡೆ ಕಾಯುವವರಲ್ಲ. ಆದ್ದರಿಂದ ‘ಕಲಸು’ ಧಾತುವಿನಿಂದ ಪದ ಕಟ್ಟುವುದೇ ನ್ಯಾಯ. ಕಲಸುಕ?

ಬೆಂಗಳೂರಿನವರು:

ಬಾಟಲಿಗೆ ಹೆಸರು ಕೇಳಿದರೆ ಮಲಯಕ್ಕೆ ಹೋಗಿಬಂದಿರಿ. ಕಲಸುಕ ಎಂದರೆ ಅವಲಕ್ಕಿಯ ನೆನಪಾಗುತ್ತದೆ.

ಶಿವಮೊಗ್ಗದಿಂದ, ಕಾರು ಪಾಲಿಶ್ ಮಾಡುವವರು:

ನಾನು ವ್ಯಾಕರಣದವನಲ್ಲ. ಕಾರುಗಳಿಗೆ ಪಾಲಿಶ್ ಹಿಡಿಯುವ ಶೆಡ್ ಇಟ್ಟುಕೊಂಡವನು, ಈ ಬಳಗದಲ್ಲಿ ಓದುವುದಷ್ಟೇ ನನ್ನ ರೂಢಿ. ಇಷ್ಟು ಜನ ಪದ ಕಟ್ಟಿದರೂ ಆ ಬಾಟಲಿಗಳು ಏನು ಮಾಡುತ್ತವೆ ಎಂದು ಯಾರೂ ಕೇಳದಿದ್ದುದರಿಂದ ಬರೆಯುತ್ತಿದ್ದೇನೆ.

ಬೂಟ್ ಪಾಲಿಶ್, ನೇಲ್ ಪಾಲಿಶ್ ಹಚ್ಚುವಂಥವು. ಮೇಲೊಂದು ಪದರ ಕೂರುತ್ತದೆ. ಅಕ್ಕಿಯ ಪಾಲಿಶ್, ಮೊಸಾಯಿಕ್ ನೆಲದ ಪಾಲಿಶ್ ತೆಗೆಯುವಂಥವು. ಅಲ್ಲಿ ತೌಡು ಹೋಗುತ್ತದೆ, ಇಲ್ಲಿ ಕಲ್ಲು ಸವೆಯುತ್ತದೆ. ಒಂದೇ ಪದ ಕನ್ನಡದಲ್ಲಿ ಎರಡೂ ಕಡೆ ನೆಲೆಯೂರಿದೆ. ಕಾರಿನ ಪಾಲಿಶ್ ಅಕ್ಕಿಯ ಜಾತಿಯದು, ಆದರೆ ಗಿರಾಕಿ ಅದನ್ನು ಬೂಟಿನ ಜಾತಿಯದು ಎಂದುಕೊಂಡು ಬರುತ್ತಾನೆ. ‘ತಿಂಗಳಿಗೊಮ್ಮೆ ಪಾಲಿಶ್ ಹಾಕಿಬಿಡಿ, ಬಣ್ಣ ಗಟ್ಟಿಯಾಗಲಿ’ ಎನ್ನುತ್ತಾನೆ. ಹಾಗೆ ಮಾಡಿದರೆ ಕೆಲವು ವರ್ಷಗಳಲ್ಲಿ ಕ್ಲಿಯರ್ ಸವೆದು ಮುಗಿಯುತ್ತದೆ.

ಕಾರ್ಖಾನೆಯಿಂದ ಬಂದ ಕಾರಿನ ಬಣ್ಣ, ಎಲ್ಲ ಪದರ ಸೇರಿ, ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಬಣ್ಣವಿಲ್ಲದ ಕ್ಲಿಯರ್. ಈ ಕ್ಲಿಯರ್ ಸುಮಾರು 35ರಿಂದ 50 ಮೈಕ್ರಾನ್ ಅಷ್ಟೇ, ತಲೆಗೂದಲಿಗಿಂತ ತೆಳು. ನಾವು ಉಜ್ಜುವುದು ಇದನ್ನೇ. ಗೀರು ಹೋಯಿತು ಎಂದರೆ ಗೀರು ತುಂಬಿತು ಎಂದಲ್ಲ. ಅದರ ಅಕ್ಕಪಕ್ಕದ ಮಟ್ಟ ಗೀರಿನ ತಳದವರೆಗೆ ಇಳಿಯಿತು ಎಂದು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಯಂತ್ರದಿಂದ ತೆಗೆಯಲು ಹೋಗಬಾರದು.

ಕಾಂಪೌಂಡ್, ಪಾಲಿಶ್ ಎರಡರಲ್ಲೂ ಇರುವುದು ದ್ರವದಲ್ಲಿ ಕಲಸಿದ ಅತಿ ಸಣ್ಣ ಕಣಗಳು, ಬಹುಮಟ್ಟಿಗೆ ಅಲ್ಯೂಮಿನಿಯಂ ಆಕ್ಸೈಡ್. ಕಾಂಪೌಂಡ್ ದೊರಗು, ಬೇಗ ತೇಯುತ್ತದೆ, ಹಿಂದೆ ಮಬ್ಬು ಬಿಡುತ್ತದೆ. ಪಾಲಿಶ್ ನುಣುಪು, ಆ ಮಬ್ಬನ್ನು ತೆಗೆಯುತ್ತದೆ. ವ್ಯಾಕ್ಸ್ ಮಾತ್ರ ಮೇಲೆ ಕೂರುವ ವಸ್ತು. ಇನ್ನೊಂದು ಮೋಸವಿದೆ. ಕೆಲವು ಬಾಟಲಿಗಳಲ್ಲಿ ಗೀರನ್ನು ತಾತ್ಕಾಲಿಕವಾಗಿ ಮುಚ್ಚುವ ಎಣ್ಣೆಗಳನ್ನು ಬೆರೆಸಿರುತ್ತಾರೆ. ಅಂದು ಕನ್ನಡಿಯಂತೆ ಕಂಡದ್ದು ಕೆಲವು ತೊಳೆತದಲ್ಲಿ ಮತ್ತೆ ಗೀರಾಗಿ ಹಾಜರಾಗುತ್ತದೆ. ಅದಕ್ಕೇ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿಗೆ ಬೆರೆಸಿ ಒರೆಸಿದ ಮೇಲೆಯೇ ಕೆಲಸ ಮುಗಿಯಿತೋ ಇಲ್ಲವೋ ನೋಡಬೇಕು.

ಯಂತ್ರದ ವಿಷಯ. ರೋಟರಿ ಎಂಬ ಇನ್ನೊಂದು ಬಗೆಯ ಯಂತ್ರ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ, ಬಿಸಿ ಒಂದೆಡೆ ಕೂಡುತ್ತದೆ. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಲ್ಲಿ ಬಣ್ಣ ಮೊದಲೇ ತೆಳು. ಅಲ್ಲಿ ಒಂದು ಗಳಿಗೆ ನಿಂತರೂ ಪ್ರೈಮರ್ ಕಾಣುತ್ತದೆ. ಡ್ಯುಯಲ್ ಆಕ್ಷನ್‌ನಲ್ಲಿ ಪ್ಯಾಡ್ ತನ್ನ ಸುತ್ತ ತಿರುಗುತ್ತಲೇ ಬದಿಗೆ ಸರಿದು ಇನ್ನೊಂದು ಸುತ್ತು ಹಾಕುತ್ತದೆ. ಸರಿಯುವ ಅಳತೆ 8, 15, 21 ಮಿ.ಮೀ. ಹೀಗೆ ಇರುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಜೋರಾಗಿ ಒತ್ತಿದರೆ ತಿರುಗುವುದು ನಿಂತು ನಡುಗುವುದಷ್ಟೇ ಉಳಿಯುತ್ತದೆ. ಪ್ಯಾಡ್ ಅಂಟುವ ತಟ್ಟೆಯ ಅಂಚಿಗೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ ಎಂದು ಹಾಳೆಯಲ್ಲಿ ಬರೆಯಿರಿ. ಗೆರೆ ತಿರುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ನಮ್ಮ ಶೆಡ್ಡಿನ ಭಾಷೆ ಬೇಕಾದರೆ: ಕಾಂಪೌಂಡ್ ಕೆಲಸ ‘ರಬ್ಬಿಂಗ್’, ಯಂತ್ರ ‘ಬಫಿಂಗ್ ಮೆಷಿನ್’, ಮೇಲ್ಪದರ ಬರೀ ‘ಕ್ಲಿಯರ್’. ಪ್ಯಾಡನ್ನು ಬಣ್ಣದಿಂದ ಹೆಸರಿಸಬೇಡಿ. ಒಂದು ಕಂಪನಿಯ ಕಿತ್ತಳೆ ದೊರಗಾದರೆ ಇನ್ನೊಂದರದು ನುಣುಪು. ಉಣ್ಣೆಯದು, ಗಟ್ಟಿ ಸ್ಪಂಜಿನದು, ಮೆತ್ತನೆಯ ಸ್ಪಂಜಿನದು ಎಂದರೆ ಯಾರಿಗೂ ತಪ್ಪುವುದಿಲ್ಲ.

ಮಂಗಳೂರಿನಿಂದ:

ವ್ಯಾಕ್ಸ್‌ಗೆ ‘ಮೇಣ’ ಎಂದು ಯಾರಾದರೂ ಹೇಳುವ ಮೊದಲೇ ತಡೆಯುತ್ತೇನೆ. ನಮ್ಮ ಕಡೆ ಮೇಣ ಎಂದರೆ ಹಲಸಿನ ಮೇಣ. ಕೈಗೆ ಎಣ್ಣೆ ಸವರದೆ ಮುಟ್ಟುವಂತಿಲ್ಲ. ‘ಕಾರಿನ ಮೈಗೆಲ್ಲ ಮೇಣ ಹಚ್ಚಿರಿ’ ಎಂಬುದನ್ನು ನಮ್ಮ ಮನೆಯಲ್ಲಿ ಓದಿದರೆ ಯಾರೋ ಹಗೆ ಸಾಧಿಸಿದ್ದಾರೆ ಎಂದುಕೊಳ್ಳುತ್ತಾರೆ.

ಬೆಂಗಳೂರಿನವರು:

ಮೇಣದ ಬತ್ತಿಯನ್ನು ಮಂಗಳೂರಿನಲ್ಲಿ ಏನೆನ್ನುತ್ತಾರೆ? ಮೇಣ ನಮ್ಮದೇ ಪದ. ಅದನ್ನು ಬಿಟ್ಟು ವ್ಯಾಕ್ಸ್ ಎನ್ನುವುದು ಸೋಮಾರಿತನ. ಕಾರಿಗೆ ಹಾಕುವ ಕಾರ್ನೌಬಾ ವ್ಯಾಕ್ಸ್ ಕೂಡ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವಂಥದ್ದು, ಮೇಣವಲ್ಲದೆ ಮತ್ತೇನು?

ಧಾರವಾಡದವರು:

ಮರಾಠಿಯಲ್ಲೂ ಅದು ಮೇಣವೇ. ‘ನಮ್ಮದೇ’ ಎಂದು ಮುದ್ರೆ ಒತ್ತುವ ಮೊದಲು ನೆರೆಮನೆಯಲ್ಲಿ ವಿಚಾರಿಸಿ. ನೀವು ಕಾಪಾಡಲು ಹೊರಟ ‘ಬಣ್ಣ’ವೇ ವರ್ಣದ ತದ್ಭವ, ‘ಸಾಣೆ’ ಶಾಣದ ತದ್ಭವ. ಇವನ್ನೆಲ್ಲ ಹೊರಹಾಕಿದರೆ ಕಾರಿನಲ್ಲಿ ತಗಡು ಮಾತ್ರ ಉಳಿಯುತ್ತದೆ.

ಬೆಂಗಳೂರಿನವರು:

ತದ್ಭವವಾದದ್ದು ಕನ್ನಡದ ಬಾಯಿಗೆ ಒಗ್ಗಿ ಬಂದದ್ದು. ಉಭಯಭ್ರಮಣ ಒಗ್ಗಿಲ್ಲ, ಒಗ್ಗುವುದೂ ಇಲ್ಲ. ನನ್ನ ತಕರಾರು ಎರವಲಿನ ಬಗ್ಗೆ ಅಲ್ಲ, ಎರವಲನ್ನು ಇಸ್ತ್ರಿ ಮಾಡಿ ಮಡಿಯುಟ್ಟಂತೆ ತೋರಿಸುವುದರ ಬಗ್ಗೆ.

ಮೈಸೂರಿನವರು:

ಹಾಗಾದರೆ ಪಾಲಿಶ್ ಕೂಡ ಬಾಯಿಗೆ ಒಗ್ಗಿದೆ. ಅದನ್ನು ಹೊರಹಾಕಿ ‘ಒಪ್ಪುಕ’ನನ್ನು ಕರೆತಂದವರು ಯಾರು? ನಿಮ್ಮ ನಿಯಮ ನಿಮ್ಮ ಅನುಕೂಲಕ್ಕೆ ಬಾಗುತ್ತದೆ.

ಶಿವಮೊಗ್ಗದವರು ಬರೆದದ್ದರಲ್ಲಿ ಮಾತ್ರ ಹುರುಳಿದೆ, ಆದರೆ ಅವರು ನಾಮಪದದಲ್ಲಿಯೇ ನಿಂತರು. ದೋಷವಿರುವುದು ಕ್ರಿಯಾಪದ ಮತ್ತು ವಿಭಕ್ತಿಯಲ್ಲಿ. ‘ಬಣ್ಣಕ್ಕೆ ಪಾಲಿಶನ್ನು ಹಚ್ಚಿ’ ಎಂದಾಗ ಕರ್ಮ ಪಾಲಿಶ್; ಬಣ್ಣ ಅದನ್ನು ಪಡೆಯುವ ಜಾಗ. ಆದ್ದರಿಂದ ಏನೋ ಸೇರಿತು ಎಂಬ ಅರ್ಥ ಬರುತ್ತದೆ. ‘ಪಾಲಿಶಿನಿಂದ ಬಣ್ಣವನ್ನು ಉಜ್ಜಿ’ ಎಂದರೆ ಕರ್ಮ ಬಣ್ಣ, ಪಾಲಿಶ್ ಕರಣ. ಕತ್ತಿಯಿಂದ ಮರವನ್ನು ಕಡಿ ಎಂಬಂತೆ, ಕ್ರಿಯೆಯ ಪೆಟ್ಟು ಬಣ್ಣದ ಮೇಲೆ ಬೀಳುತ್ತದೆ ಎಂದು ಓದುಗನಿಗೆ ತಾನಾಗಿ ತಿಳಿಯುತ್ತದೆ. ಮೊದಲೆರಡು ಬಾಟಲಿಗೆ ತೃತೀಯಾ, ಮೂರನೆಯದಕ್ಕೆ ದ್ವಿತೀಯಾ. ಹೆಸರು ಏನೇ ಇಡಿ.

ಶಿವಮೊಗ್ಗದವರು:

ಮೇಷ್ಟರೇ, ಇದನ್ನು ನನ್ನ ಶೆಡ್ಡಿನ ಬಾಗಿಲಿಗೆ ಬರೆಸುತ್ತೇನೆ. ‘ಪಾಲಿಶ್ ಹಾಕಿ’ ಎಂದು ಕೇಳುವವರಿಗೆಲ್ಲ ‘ಯಾವ ವಿಭಕ್ತಿ’ ಎಂದು ಕೇಳಿದರಾಯಿತು.

ಸುತ್ತುಸುತ್ತಿನ ಗೀರಿಗೆ ‘ಸುಳಿಗೀರು’ ಹೇಗೆ? ದನದ ಸಂತೆಯಲ್ಲಿ ಸುಳಿ ನೋಡಿ ವ್ಯಾಪಾರ ಮಾಡಿದ ಜನ ನಾವು. ಹಳೆಯ ಕಾರು ಕೊಳ್ಳುವವರೂ ಈಗ ಟಾರ್ಚ್ ಹಿಡಿದು ಅದನ್ನೇ ನೋಡುತ್ತಾರೆ. ಇದು ಬಹುಪಾಲು ಧೂಳು ಕೂತ ಕಾರನ್ನು ಒಣಬಟ್ಟೆಯಿಂದ ಒರೆಸಿ ಆಗುವಂಥದ್ದು. ರೋಟರಿ ಯಂತ್ರ ಉಳಿಸುವ ಮಿರುಗುವ ಪಟ್ಟೆಗಳು ಬೇರೆ. ಅವಕ್ಕೆ ಈ ಹೆಸರು ಬೇಡ.

ಧಾರವಾಡದವರು:

ಸುಳಿಗೀರು ಚೆನ್ನಾಗಿದೆ. ಗೀರು, ಗೆರೆ ಎರಡನ್ನೂ ಬೆರೆಸಬೇಡಿ. ಗೆರೆ ಎಳೆಯುವುದು, ಗೀರು ಆಗುವುದು. ತಟ್ಟೆಯ ಮೇಲಿನದು ಗೆರೆ.

ಹುಬ್ಬಳ್ಳಿಯ ಅನುವಾದಕಿ:

ಎಲ್ಲರಿಗೂ ಕೃತಜ್ಞತೆಗಳು. ಅಚ್ಚಿಗೆ ಹೋಗುತ್ತಿರುವುದು ಹೀಗೆ:

‘ಕಾರನ್ನು ತೊಳೆದು ಒಣಗಿಸಿ ನೆರಳಿನಲ್ಲಿ ನಿಲ್ಲಿಸಿ, ತಗಡು ಬಿಸಿಯಿದ್ದರೆ ತಣಿಯಲು ಬಿಡಿ. ರಬ್ಬರ್, ಪ್ಲಾಸ್ಟಿಕ್ ಅಂಚುಗಳಿಗೆ ಟೇಪ್ ಅಂಟಿಸಿ. ಮೊದಲು ಸಣ್ಣ ಜಾಗವೊಂದರಲ್ಲಿ ಮೆತ್ತನೆಯ ಪ್ಯಾಡ್ ಮತ್ತು ಪಾಲಿಶಿನಿಂದ ಬಣ್ಣವನ್ನು ಉಜ್ಜಿ ನೋಡಿ. ಸುಳಿಗೀರು ಹೋದರೆ ಅಷ್ಟೇ ಸಾಕು, ಕಾಂಪೌಂಡ್ ಬೇಡ. ಹೋಗದಿದ್ದರೆ ಮಾತ್ರ ರಬ್ಬಿಂಗ್ ಕಾಂಪೌಂಡಿನಿಂದ ತೇಯಿರಿ, ಅನಂತರ ಪಾಲಿಶಿನಿಂದ ಮಬ್ಬನ್ನು ತೆಗೆಯಿರಿ. ಪ್ಯಾಡ್ ಮೇಲೆ ಬಟಾಣಿ ಗಾತ್ರದ ನಾಲ್ಕೈದು ಹನಿ ಹಾಕಿ, ಯಂತ್ರವನ್ನು ಬಣ್ಣದ ಮೇಲೆ ಇಟ್ಟ ಬಳಿಕ ಚಾಲು ಮಾಡಿ. ಒಂದು ಬಾರಿಗೆ ಸುಮಾರು 50 ಸೆಂ.ಮೀ. ಚೌಕದಷ್ಟು ಜಾಗ ಸಾಕು. ಉಜ್ಜಿದ ಸಾಲಿನ ಮೇಲೆ ಮುಂದಿನ ಸಾಲು ಅರ್ಧ ಬರುವಂತೆ ಯಂತ್ರವನ್ನು ನಿಧಾನವಾಗಿ ಸಾಗಿಸಿ. ಕೊನೆಗೆ ವ್ಯಾಕ್ಸನ್ನು ತೆಳುವಾಗಿ ಸವರಿ. ವ್ಯಾಕ್ಸ್ ಗೀರನ್ನು ತೆಗೆಯುವುದಿಲ್ಲ, ಬಣ್ಣವನ್ನು ಕಾಯುತ್ತದೆ.’

‘ರಬ್ಬಿಂಗ್’ ಸೇರಿಸಿದ ಮೇಲೆ ಕಾಂಪೌಂಡ್ ಗೋಡೆಯಾಗುವ ಭಯವಿಲ್ಲ. ಕ್ಲಿಯರ್ ಕೋಟ್‌ಗೆ ‘ಬಣ್ಣದ ಮೇಲಿನ ತಿಳಿಪದರ’ ಎಂದು ಇಟ್ಟೆ. ಯಂತ್ರ ‘ಜೋಡಿಸುತ್ತಿನ ಪಾಲಿಶ್ ಯಂತ್ರ’. ಇದು ಯಾವ ಸಮಾಸ ಎಂದು ಹೇಳಬಯಸುವವರು ಬೇರೆ ಶೀರ್ಷಿಕೆಯಡಿ ಬರೆಯಬೇಕಾಗಿ ವಿನಂತಿ.

ಬೆಂಗಳೂರಿನವರು:

ಪ್ಯಾಡ್ ಹಾಗೆಯೇ ಉಳಿಯಿತಲ್ಲ. ‘ಒತ್ತು’ ಎಂದು ಕೊಟ್ಟಿದ್ದೆ, ಒಬ್ಬರೂ ಗಮನಿಸಲಿಲ್ಲ.

ಮೈಸೂರಿನವರು:

ಗಮನಿಸಿದೆ. ಒತ್ತು ಇರುವುದು ಅಕ್ಷರದ ಕೆಳಗೆ, ಯಂತ್ರದ ಕೆಳಗಲ್ಲ.

ಬೆಂಗಳೂರಿನವರು:

ಕೆಳಗಿರುವುದಕ್ಕೇ ಆ ಹೆಸರು ಕೊಟ್ಟದ್ದು, ಸ್ವಾಮಿ.