7 ಮತ್ತು 11 ವರ್ಷದ ಮಕ್ಕಳಿಗೆ ಯಾವ ಗೇಮ್ ಕನ್ಸೋಲ್? ಅನುಭವ ಇದ್ದವರು ಹೇಳಿ

ಕೇಳಿದವರು: ಮಗಳಿಗೆ 7, ಮಗನಿಗೆ 11. ಇಬ್ಬರೂ ಕನ್ಸೋಲ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ನಮಗಿಬ್ಬರಿಗೂ ಗೇಮ್ ಆಡಿ ಗೊತ್ತಿಲ್ಲ. ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇವುಗಳಲ್ಲಿ ಯಾವುದು ಸೂಕ್ತ? ಯಾವ ಗೇಮ್ ಕೊಡಬಹುದು?

ಇಬ್ಬರು ಮಕ್ಕಳ ಅಮ್ಮ: ಈ ವಯಸ್ಸಿಗಾದರೆ ನನ್ನ ಓಟು ಸ್ವಿಚ್‌ಗೆ. ಚಿಕ್ಕವರು ಆಡುವಂಥ ಗೇಮ್‌ಗಳು ಅದರಲ್ಲೇ ಹೆಚ್ಚು, ಪಕ್ಕದಲ್ಲಿ ಕೂತು ಒಂದೇ ಪರದೆಯಲ್ಲಿ ಇಬ್ಬರು ಆಡುವಂಥವೂ ಬೇಕಾದಷ್ಟಿವೆ. ಆದರೆ ಅದರದೇ ಚಿಕ್ಕ ಮಾದರಿಯಾದ ಸ್ವಿಚ್ ಲೈಟ್ ಬೇಡ. ಅದನ್ನು ಟಿವಿಗೆ ಜೋಡಿಸಲಾಗುವುದಿಲ್ಲ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೂಡ ಬಿಚ್ಚಿಕೊಳ್ಳುವುದಿಲ್ಲ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಅದು ಜಗಳಕ್ಕೇ ದಾರಿ.

ಮೊದಲ ಗೇಮ್ ಆಗಿ ಮಾರಿಯೋ ಕಾರ್ಟ್ 8 ಡಿಲಕ್ಸ್ ಅನ್ನುವ ಗಾಡಿ ರೇಸಿನ ಗೇಮ್ ತೆಗೆದುಕೊಳ್ಳಿ. ಅದರಲ್ಲಿ ಸ್ಮಾರ್ಟ್ ಸ್ಟಿಯರಿಂಗ್ ಅಂತ ಒಂದಿದೆ. ಆನ್ ಮಾಡಿದರೆ ಗಾಡಿಯ ಹಿಂದೆ ಪುಟ್ಟ ಆ್ಯಂಟೆನಾ ಕಾಣಿಸುತ್ತದೆ, ಗಾಡಿ ರಸ್ತೆ ಬಿಟ್ಟು ಬೀಳುವುದಿಲ್ಲ. ನನ್ನ ಚಿಕ್ಕವಳಿಗೆ ಅದನ್ನು ಆನ್ ಇಟ್ಟು, ದೊಡ್ಡವನಿಗೆ ಆಫ್ ಮಾಡಿದೆವು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಇಡಬಹುದು. ಅವಳು ಅಳುತ್ತಾ ಕಂಟ್ರೋಲರ್ ಎಸೆಯುವುದು ಅಲ್ಲಿಗೆ ನಿಂತಿತು.

ಹೈಸ್ಕೂಲ್ ಹುಡುಗನ ಅಪ್ಪ: ಯಾವ ಕಂಪನಿಯ ಡಬ್ಬ ಅನ್ನುವುದಕ್ಕಿಂತ ಯಾರ ಜೊತೆ ಆಡುತ್ತಾರೆ ಅನ್ನುವುದು ಮುಖ್ಯ ಅಂತ ನಾನು ಹೇಳುತ್ತೇನೆ.

ಗೇಮ್ ಮೇಲೆ ವಯಸ್ಸಿನ ಗುರುತು ಇರುತ್ತದೆ. ಅಮೆರಿಕದ ಇಎಸ್‌ಆರ್‌ಬಿ (ESRB) ಸಂಸ್ಥೆ 1994ರಿಂದ, ಯುರೋಪಿನ ಪೆಗಿ (PEGI) 2003ರಿಂದ ಕೊಡುತ್ತಾ ಬಂದಿವೆ. ಪೆಗಿಯಲ್ಲಿ 3, 7, 12, 16, 18 ಅಂತ ನೇರವಾಗಿ ಅಂಕಿಯೇ ಇರುತ್ತದೆ. ಇಎಸ್‌ಆರ್‌ಬಿಯಲ್ಲಿ ಇ ಅಂದರೆ ಎಲ್ಲರಿಗೂ, ಟಿ 13 ದಾಟಿದವರಿಗೆ, ಎಂ 17 ದಾಟಿದವರಿಗೆ. ಇದನ್ನು ಖಂಡಿತ ನೋಡಿ, ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ. ಗೇಮ್ ಎಷ್ಟು ಕಷ್ಟ ಅನ್ನುವುದನ್ನು ಈ ಗುರುತು ಹೇಳುವುದಿಲ್ಲ. ಪೆಗಿ 3 ಇದ್ದರೂ ಏಳರ ಮಗುವಿಗೆ ಆಡಲಾಗದೆ ಇರಬಹುದು. ಆನ್‌ಲೈನ್‌ನಲ್ಲಿ ಅಪರಿಚಿತರು ಏನು ಮಾತಾಡುತ್ತಾರೋ ಅದಂತೂ ಯಾವ ರೇಟಿಂಗ್‌ಗೂ ಸಿಗುವುದಿಲ್ಲ. ರೇಟಿಂಗ್ ಜೊತೆ ಚಿಕ್ಕ ಅಕ್ಷರದಲ್ಲಿ ಬರೆದಿರುವುದನ್ನೂ ಓದಿ: ಗೇಮ್ ಒಳಗೆ ದುಡ್ಡು ಕೊಟ್ಟು ಕೊಳ್ಳುವುದು ಇದೆಯಾ, ಏನು ಬರುತ್ತದೆಂದು ಮೊದಲೇ ಗೊತ್ತಿಲ್ಲದ ಪೆಟ್ಟಿಗೆಗಳನ್ನು ಮಾರುತ್ತಾರಾ ಅಂತ. ನಾನು ಗೇಮ್ ಕೊಡಿಸುವ ಮುನ್ನ ಬೇರೆಯವರು ಆಡಿರುವ ವಿಡಿಯೊ ನೋಡುತ್ತೇನೆ. ಟ್ರೇಲರ್ ಅಲ್ಲ, ಆಟದ ನಡುವಿನ ಭಾಗ.

ಕೇಳಿದವರು: ತುಂಬಾ ಉಪಯೋಗವಾಯ್ತು. ಮಗನ ಗೆಳೆಯರೆಲ್ಲ ಫೋರ್ಟ್‌ನೈಟ್ ಅನ್ನುವ ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತಾರಂತೆ. ಅದೇ ಬೇಕು ಅನ್ನುತ್ತಾನೆ. ಏನು ಮಾಡಲಿ?

ಹೈಸ್ಕೂಲ್ ಹುಡುಗನ ಅಪ್ಪ: ಅದಕ್ಕೆ ಇಎಸ್‌ಆರ್‌ಬಿ ಟಿ, ಪೆಗಿ 12 ಕೊಟ್ಟಿವೆ. ಇನ್ನೊಂದು ವರ್ಷ ಕಾಯಿಸುವುದೇ ಒಳ್ಳೆಯದು. ಕೊಡಲೇಬೇಕಾದರೆ ಖಾತೆ ತೆರೆಯುವಾಗ ನಿಜವಾದ ಹುಟ್ಟಿದ ದಿನಾಂಕ ಹಾಕಿ. 13 ತುಂಬದವರ ಖಾತೆಯಲ್ಲಿ ತಂದೆ ತಾಯಿ ಒಪ್ಪಿಗೆ ಕೊಡುವ ತನಕ ವಾಯ್ಸ್ ಚಾಟ್ ಮತ್ತು ಖರೀದಿ ಬಂದ್ ಇರುತ್ತವೆ. ಸುಳ್ಳು ವಯಸ್ಸು ಹಾಕಿದರೆ ಆ ರಕ್ಷಣೆಯನ್ನು ನಾವೇ ಕಿತ್ತುಹಾಕಿದಂತೆ. ಕಾರ್ಡ್ ವಿವರವನ್ನು ಕನ್ಸೋಲ್‌ನಲ್ಲಿ ಉಳಿಸಬೇಡಿ.

ಒಬ್ಬ ಚಿಕ್ಕಮ್ಮ: ಅಲ್ಲಿಯವರೆಗೆ ಮೈನ್‌ಕ್ರಾಫ್ಟ್ ಕೊಟ್ಟು ನೋಡಿ, ಅದು ಬ್ಲಾಕ್ ಜೋಡಿಸಿ ಕಟ್ಟುವ ಗೇಮ್. ಕ್ರಿಯೇಟಿವ್ ಮೋಡ್‌ನಲ್ಲಿ ಸುಮ್ಮನೆ ಕಟ್ಟುತ್ತಾ ಕೂರಬಹುದು, ಪೀಸ್‌ಫುಲ್ ಅಂತ ಇಟ್ಟರೆ ಮೇಲೆ ಬೀಳುವ ರಾಕ್ಷಸರೂ ಇಲ್ಲ. ನಮ್ಮ ಮನೆಯಲ್ಲಿ, ತಂಗಿ ಗೇಮ್‌ನಲ್ಲಿ ಕಟ್ಟಿದ ಗಾಜಿನ ಮನೆಯನ್ನು ಅಣ್ಣ ಒಡೆದುಹಾಕಿ ದೊಡ್ಡ ರಂಪವಾಯಿತು. ಆಮೇಲೆ ಇಬ್ಬರಿಗೂ ಒಂದೊಂದು ಲೋಕ, ಜೊತೆಗೆ ಆಡಲು ಮೂರನೆಯದು, ಅದರಲ್ಲಿ ಕೇಳದೆ ಏನನ್ನೂ ಒಡೆಯುವಂತಿಲ್ಲ ಅಂತ ಮಾಡಿದೆವು.

ಇಬ್ಬರು ಮಕ್ಕಳ ಅಮ್ಮ: ಸಮಯದ ಬಗ್ಗೆಯೂ ಒಂದು ಮಾತು. ಸ್ವಿಚ್‌ನ ಪೇರೆಂಟಲ್ ಕಂಟ್ರೋಲ್ ಆ್ಯಪ್ ಫೋನಿಗೆ ಹಾಕಿಕೊಂಡರೆ ದಿನಕ್ಕೆ ಇಷ್ಟು ಹೊತ್ತು ಅಂತ ಮಿತಿ ಇಡಬಹುದು. ಹೊತ್ತು ಮುಗಿದಾಗ ಬರೀ ಎಚ್ಚರಿಕೆ ಬರಬೇಕೋ, ಆಟವೇ ನಿಲ್ಲಬೇಕೋ ಎಂಬುದೂ ನಮ್ಮ ಕೈಯಲ್ಲೇ. ನಾವು ಎಚ್ಚರಿಕೆ ಮಾತ್ರ ಇಟ್ಟು, "ಈ ರೇಸ್ ಮುಗಿಸಿ ಬಾ" ಅನ್ನುತ್ತೇವೆ. ಫೋರ್ಟ್‌ನೈಟ್‌ನಂಥ ಆನ್‌ಲೈನ್ ಪಂದ್ಯವನ್ನು ನಡುವೆ ನಿಲ್ಲಿಸಿಡಲು ಬರುವುದೇ ಇಲ್ಲ, ಎದ್ದು ಬಂದರೆ ಜೊತೆಗಾರರನ್ನು ಕೈಬಿಟ್ಟಂತಾಗುತ್ತದೆ. ಹಾಗಾಗಿ ಊಟಕ್ಕೆ ಇನ್ನೇನು ಕರೆಯಬೇಕು ಅನ್ನುವಾಗ ಹೊಸ ಪಂದ್ಯ ಶುರು ಮಾಡುವಂತಿಲ್ಲ ಅಂತ ಮೊದಲೇ ಒಪ್ಪಿಸಿಕೊಳ್ಳಿ.