ಡ್ರೈ ಗ್ಲೌಸ್ ಹರಿದಿದೆ, ನಾನೇ ಬದಲಾಯಿಸಬಹುದಾ?

ಪ್ರಶ್ನೆ: ಡೈವಿಂಗಿಗೆ ಡ್ರೈಸೂಟ್ (ಒಳಗೆ ನೀರು ಬಿಡದ ಉಡುಪು) ಜೊತೆ ಹಾಕೋ ಡ್ರೈ ಗ್ಲೌಸ್ ನನ್ನದು. ಬಲಗೈ ಗ್ಲೌಸ್ ಹೆಬ್ಬೆರಳಿನ ಬುಡದಲ್ಲಿ ಸೀಳಿದೆ. ಗ್ಲೌಸನ್ನು ಸೂಟಿನ ತೋಳಿಗೆ ಸೇರಿಸೋ ರಿಂಗ್ ಚೆನ್ನಾಗೇ ಇದೆ. ಬರೀ ಗ್ಲೌಸ್ ತಂದು ಹಾಕಿಕೊಂಡರೆ ಸಾಕಾ?

ಉತ್ತರ 1: ಓ-ರಿಂಗ್ (ಗ್ಲೌಸನ್ನು ರಿಂಗಿನ ಮೇಲೆ ಬಿಗಿಹಿಡಿಯೋ ರಬ್ಬರ್ ಬಳೆ) ಬಗೆಯದಾದರೆ ಸಾಕು. ಓ-ರಿಂಗನ್ನು ಬೆರಳಿನಿಂದಲೇ ಜಾರಿಸಿ ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಗೀರು ಬಿದ್ದ ಕಡೆಯಿಂದಲೇ ನೀರು ನುಗ್ಗುತ್ತೆ. ಹೊಸ ಪಿವಿಸಿ ಗ್ಲೌಸಿನ ಬಾಯಿಯನ್ನು ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗುತ್ತೆ. ರಿಂಗಿನ ಮೇಲೆ ಎಳೆದು, ಸುಕ್ಕು ಉಳಿಯದಂತೆ ಸುತ್ತಲೂ ನೀವಿ. ಹೆಬ್ಬೆರಳಿನ ದಿಕ್ಕು ಮೊದಲೇ ನೋಡಿಕೊಳ್ಳಿ, ತಿರುಚಿ ಕೂತರೆ ಡೈವ್ ಪೂರ್ತಿ ಕಿರಿಕಿರಿ.

ಉತ್ತರ 2: ಒಳಗೆ ಲೈನರ್ (ಬೆಚ್ಚಗಿಡೋ ಒಳಗ್ಲೌಸ್) ಹಾಕ್ತೀರಲ್ವಾ? ಅದನ್ನು ಹಾಕಿಕೊಂಡೇ ಅಳತೆ ನೋಡಿ.

ಪ್ರಶ್ನೆ: ಸಣ್ಣ ತೂತಿದ್ದರೆ ಗೊತ್ತಾಗೋದು ಹೇಗೆ?

ಉತ್ತರ 1: ಗಾಳಿ ತುಂಬಿ, ಬಾಯಿ ಬಿಗಿಹಿಡಿದು ಬಕೆಟ್ ನೀರಲ್ಲಿ ಮುಳುಗಿಸಿ. ಗುಳ್ಳೆ ಎದ್ದರೆ ತೂತಿದೆ. ಏನೇ ಆದರೂ ಸೂಟಿನ ಮಣಿಕಟ್ಟಿನ ಸೀಲ್ (ತೋಳಿನ ತುದಿಯಲ್ಲಿ ಕೈಗೆ ಬಿಗಿಯಾಗಿ ಕೂರೋ ಪಟ್ಟಿ) ಮಾತ್ರ ತೆಗೆಸಬೇಡಿ. ಗ್ಲೌಸ್ ಹರಿದರೆ ನೀರು ಸೂಟಿಗೆ ಹೋಗದಂತೆ ತಡೆಯೋದು ಅದೇ.